ನಿಲ್ಲದೆ ಓಡಿದ ರೀಲು

ನನಗೆ ಕೋಪ ಮೂಗಿನ ತುದಿಯಲ್ಲೇ. ಹಾಗಂತ ನನ್ನ ಗಂಡ ಹೇಳುತ್ತಾನೆ, ಆಫೀಸಿನವರು ಹೇಳುತ್ತಾರೆ, ಅತ್ತೆಯಂತೂ ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆಯೇ ಹೇಳುತ್ತಾರೆ. ಆದರೆ ಆ ವಾರ ನನಗೆ ಕೋಪ ಬರದೇ ಇದ್ದಿದ್ದರೆ ಅತ್ತೆಯ ಸಿನಿಮಾ ಡಬ್ಬಿಯಲ್ಲೇ ಕೊಳೆತುಹೋಗುತ್ತಿತ್ತು. ಅದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಾನು ಕೆಲಸ ಮಾಡುವುದು ಹಳೆಯ ಸಿನಿಮಾಗಳನ್ನು ಕಾಪಾಡುವ ಸಂಸ್ಥೆಯಲ್ಲಿ. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ತಗಡಿನ ಡಬ್ಬಿಗಳನ್ನು ಸೂರು ಮುಟ್ಟುವ ಹಾಗೆ ಪೇರಿಸಿದ್ದೇವೆ. ಒಂದೊಂದನ್ನೇ ಮೇಲೆ ತಂದು, ರೀಲು ಬಿಚ್ಚಿ, ಧೂಳು ಒರೆಸಿ, ಸ್ಕ್ಯಾನರಿನಲ್ಲಿ ಓಡಿಸುತ್ತೇವೆ. ಸ್ಕ್ಯಾನರು ಫಿಲ್ಮಿನ ಪ್ರತಿ ಫ್ರೇಮಿನ ಫೋಟೊ ತೆಗೆಯುತ್ತದೆ. ಆ ಫೋಟೊಗಳೆಲ್ಲ ಸೇರಿ ಒಂದು ಭಾರಿ ಫೈಲು. ಯಾವ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲೂ ಅದು ಹಿಡಿಸುವುದಿಲ್ಲ. ಅದಕ್ಕೇ ಪಕ್ಕದ ಕೋಣೆಯಲ್ಲಿ ಸಾಲುಸಾಲು ಸರ್ವರುಗಳಿವೆ. ಫೈಲನ್ನು ತುಂಡು ಮಾಡಿ ಅವುಗಳಿಗೆ ಹಂಚುತ್ತೇವೆ. ಒಂದು ಸರ್ವರು ಕೈಕೊಟ್ಟರೂ ಸಿನಿಮಾ ಉಳಿಯಲಿ ಅಂತ ಪ್ರತಿ ತುಂಡಿನ ಮೂರು ಪ್ರತಿ ಮೂರು ಬೇರೆ ಬೇರೆ ಸರ್ವರುಗಳಲ್ಲಿ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಅದು ಒಂದೇ ದೊಡ್ಡ ಬೀರು. ಅದರ ಒಳಗಿನ ಒದ್ದಾಟವೆಲ್ಲ ನನ್ನ ಪಾಲಿಗೆ ಬಂದಿದೆ.

ಸ್ಕ್ಯಾನರು ಓಡಿಸುವವರನ್ನು ನಾವೆಲ್ಲ ನಿಧಾನಣ್ಣ ಎನ್ನುತ್ತೇವೆ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅವರು ಮೊದಲು ಕೈಗವಸು ಬಿಚ್ಚಿ, ಮಡಚಿಟ್ಟು, ಆಮೇಲೆ ಹೊರಗೆ ಬರುವ ಆಸಾಮಿ. ಸಂಸ್ಥೆಯ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ದೊಡ್ಡವರು. ಆಳು ಗಿಡ್ಡ, ದನಿ ದೊಡ್ಡದು.

ಇನ್ನು ಅತ್ತೆ. ಮದುವೆಗೆ ಮುಂಚೆ ಅತ್ತೆ ಸಿನಿಮಾ ಸಂಕಲನ ಮಾಡುತ್ತಿದ್ದರು. ಫಿಲ್ಮನ್ನು ನಿಜವಾಗಿಯೂ ಕತ್ತರಿಸಿ ಟೇಪಿನಲ್ಲಿ ಅಂಟಿಸುತ್ತಿದ್ದ ಕಾಲ ಅದು. ಬಹಳ ವರ್ಷ ಇನ್ನೊಬ್ಬರ ಕೈಕೆಳಗೆ ಟೇಪು ಹರಿದುಕೊಟ್ಟ ಮೇಲೆ ಕೊನೆಗೂ ಒಂದು ಸಿನಿಮಾ ಪೂರ್ತಿ ಅವರ ಕೈಗೆ ಬಂತು. ಮುಕ್ಕಾಲು ಕೆಲಸ ಮುಗಿದಿತ್ತು. ಅಷ್ಟರಲ್ಲಿ ನಿರ್ಮಾಪಕರಿಬ್ಬರು ಕಿತ್ತಾಡಿಕೊಂಡು ಸ್ಟುಡಿಯೋವನ್ನೇ ಮುಚ್ಚಿಬಿಟ್ಟರು. ಸಿನಿಮಾ ಅಲ್ಲಿಗೇ ನಿಂತಿತು, ಬಿಡುಗಡೆಯ ಮಾತೇ ಬರಲಿಲ್ಲ. ಆಮೇಲೆ ಮದುವೆ, ಮಕ್ಕಳು, ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಇನ್ನೊಂದು ಸಿನಿಮಾ ಅವರ ಕೈಗೆ ಯಾರೂ ಕೊಡಲಿಲ್ಲ.

ಆ ಡಬ್ಬಿಗಳು ಗೋದಾಮಿನಿಂದ ಗೋದಾಮಿಗೆ ಅಲೆದು ನಮ್ಮ ನೆಲಮಾಳಿಗೆಗೇ ಬಂದು ಬಿದ್ದಿದ್ದವು. ಅದು ಗೊತ್ತಾದ ದಿನ ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ಕೈ ನಿಂತುಹೋಯಿತು.

"ಇದೆಯೇನೇ ಇನ್ನೂ?"

"ಇದೆ ಅತ್ತೆ. ಆದ್ರೆ ಡಬ್ಬಿ ತೆಗೆದ್ರೆ ವಿನೆಗರ್ ವಾಸನೆ ಹೊಡೀತಿದೆ."

ಅದು ಫಿಲ್ಮು ಸಾಯುವಾಗ ಬರುವ ವಾಸನೆ ಎಂದು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. "ಒಂದ್ಸಲ ನೋಡ್ಬೇಕು ಕಣೇ," ಎಂದರು. ಅಷ್ಟೇ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ನನ್ನನ್ನು ಕೇಳಿಕೊಂಡದ್ದು ಅದೊಂದನ್ನೇ. ಬೈದದ್ದು ಬೇರೆ ಲೆಕ್ಕ.

ನಿಧಾನಣ್ಣ ಆ ರೀಲುಗಳನ್ನು ದೀಪದ ಮೇಜಿನ ಮೇಲೆ ಹರಡಿ ನೋಡಿದರು. ನೆಗೆಟಿವು ಎಲ್ಲೂ ಇಲ್ಲ, ಇದ್ದದ್ದು ಅದೊಂದೇ ಪ್ರತಿ. ಅದೂ ಕತ್ತರಿಸಿ ಅಂಟಿಸಿದ್ದು, ಮಾರುದ್ದಕ್ಕೊಂದು ಟೇಪಿನ ಜಾಯಿಂಟು. ಅಂಟು ಒಣಗಿತ್ತು. ಟೇಪು ಕಿತ್ತು ಹೊಸದಾಗಿ ಅಂಟಿಸೋಣವೆಂದರೆ ಚಿತ್ರವೂ ಜೊತೆಗೆ ಎದ್ದು ಬರುತ್ತಿತ್ತು.

"ಒಂದ್ಸಲ ಓಡುತ್ತೆ ಕಣಮ್ಮಾ," ಎಂದರು. "ಒಂದೇ ಒಂದ್ಸಲ. ನಡುವೆ ನಿಲ್ಲಿಸಿದ್ರೆ ಕೆಲಸ ಕೆಡ್ತು. ಮತ್ತೆ ಶುರು ಮಾಡೋ ಎಳೆತಕ್ಕೆ ಜಾಯಿಂಟೆಲ್ಲ ಪಟಪಟ ಅಂತ ಬಿಟ್ಕೊಳ್ತವೆ. ನಾನು ನಿಲ್ಲಿಸಲ್ಲ. ನಿನ್ನ ಸರ್ವರು ನಿಲ್ಲಿಸದ ಹಾಗೆ ನೋಡ್ಕೋ."

ಅಂದರೆ ಸ್ಕ್ಯಾನರು ಎಷ್ಟು ಜೋರಾಗಿ ಚಿತ್ರ ಸುರಿಯುತ್ತದೋ ನನ್ನ ಸರ್ವರುಗಳು ಅಷ್ಟೇ ಜೋರಾಗಿ ಬರೆದುಕೊಳ್ಳಬೇಕು. ಸ್ಕ್ಯಾನರಿಗೆ ತನ್ನದೇ ಒಂದು ಡಿಸ್ಕಿದೆ, ನಾವು ಅದನ್ನು ಟ್ಯಾಂಕು ಎನ್ನುತ್ತೇವೆ. ಚಿತ್ರಗಳು ಮೊದಲು ಟ್ಯಾಂಕಿಗೆ ಬಿದ್ದು, ಅಲ್ಲಿಂದ ಸರ್ವರುಗಳಿಗೆ ಹರಿಯುತ್ತವೆ. ಸರ್ವರುಗಳು ತಡ ಮಾಡಿದರೆ ಟ್ಯಾಂಕು ತುಂಬುತ್ತದೆ. ತುಂಬಿದ ಮೇಲೆ ಬಂದ ಫ್ರೇಮುಗಳಿಗೆ ಜಾಗವಿಲ್ಲ, ಅವು ಹೋದವು ಅಂತಲೇ ಲೆಕ್ಕ.

ಅದರ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಈಚೆಗೆ ಹೊಸದಾಗಿ ಸರ್ವರುಗಳನ್ನು ಜೋಡಿಸಿದಾಗಲೇ ದೊಡ್ಡ ಪರೀಕ್ಷೆ ಮಾಡಿದ್ದೆವು. ನಮ್ಮಲ್ಲಿ ಫಿಲ್ಮಿನ ಮೇಲೆ ಒಂದು ಗೀರು ಬೀಳಿಸುವುದಕ್ಕಿಂತ ಘೋರ ಅಪರಾಧ ಇನ್ನೊಂದಿಲ್ಲ. ಯಾವ ಸಿನಿಮಾವನ್ನೂ ಪರೀಕ್ಷೆಗೆಂದು ಓಡಿಸುವ ಹಾಗಿಲ್ಲ. ಹಾಗಾಗಿ ರೀಲಿನ ತುದಿಗೆ ಸೇರಿಸುವ ಖಾಲಿ ಕಪ್ಪು ಫಿಲ್ಮನ್ನೇ ಉದ್ದಕ್ಕೆ ಜೋಡಿಸಿ ಓಡಿಸಿದ್ದೆವು. ಸರ್ವರುಗಳು ಅದನ್ನು ಗಟಗಟ ಕುಡಿದುಬಿಟ್ಟಿದ್ದವು. ಟ್ಯಾಂಕಿನ ತಳ ಕೂಡ ಒದ್ದೆಯಾಗಿರಲಿಲ್ಲ. ದೊಡ್ಡವರು ಆ ವೇಗವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿ, ಎಲ್ಲರಿಗೂ ಸಿಹಿ ಹಂಚಿದ್ದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ.

ಅತ್ತೆಯ ಸಿನಿಮಾಕ್ಕೆ ಮುಂಚೆ ಸರದಿಯಲ್ಲಿದ್ದದ್ದು ಒಂದು ಹಳೆಯ ಸೋಪಿನ ಜಾಹೀರಾತು. ಆ ಸರ್ವರುಗಳು ಬಂದ ಮೇಲೆ ಓಡುವ ಮೊದಲ ನಿಜವಾದ ಫಿಲ್ಮು ಅದೇ. ಅದರ ಪ್ರತಿಗಳು ನಮ್ಮಲ್ಲಿ ರಾಶಿ ಬಿದ್ದಿದ್ದವು, ಒಂದಕ್ಕೆ ಗೀರು ಬಿದ್ದರೂ ನಷ್ಟವಿರಲಿಲ್ಲ. ನಿಧಾನಣ್ಣ ಗುಂಡಿ ಒತ್ತಿದರು. ಪರದೆಯ ಮೇಲೆ ಹೆಂಗಸೊಬ್ಬಳು ಮುಖ ತೊಳೆಯಲು ಶುರು ಮಾಡಿದಳು. ಅವಳ ಮುಖದ ನೊರೆ ಹೋಗುವ ಮುಂಚೆ ಟ್ಯಾಂಕು ಅರ್ಧ ತುಂಬಿತ್ತು. ಅವಳು ಟವೆಲ್ಲಿಗೆ ಕೈ ಚಾಚುವಷ್ಟರಲ್ಲಿ ಕೆಂಪು ದೀಪ. ಆಮೇಲೆ ನೋಡಿದರೆ ಟವೆಲ್ಲು ಸಿಕ್ಕಿದ್ದೇ ಇಲ್ಲ. ಅಷ್ಟೂ ಫ್ರೇಮು ಮಾಯ.

ಅದು ಸ್ಕ್ಯಾನರಿನ ಅತಿ ಕಡಿಮೆ ವೇಗವಾಗಿತ್ತು. ಇನ್ನು ನಿಧಾನ ಮಾಡಲು ಸ್ವತಃ ನಿಧಾನಣ್ಣನಿಂದಲೂ ಆಗುತ್ತಿರಲಿಲ್ಲ.

ದೊಡ್ಡವರು ಎಲ್ಲರನ್ನೂ ಕರೆದರು. "ಸರ್ವರು ಸಾಲದು. ಹೊಸದು ತರಿಸೋಣ. ಮುಂದಿನ ವರ್ಷ ನೋಡೋಣ. ಅಲ್ಲೀವರ್ಗೂ ಈ ಜಾಯಿಂಟಿನ ರೀಲುಗಳನ್ನ ವಾಪಸ್ ಕೆಳಗಿಡಿ."

"ಮುಂದಿನ ವರ್ಷ ಅಂದ್ರೆ ಆ ಡಬ್ಬೀಲಿ ಫಿಲ್ಮಿರಲ್ಲ ಸಾರ್, ಉಪ್ಪಿನಕಾಯಿ ಇರುತ್ತೆ," ಎಂದೆ.

"ಏನ್ಮಾಡೋಕಾಗುತ್ತಮ್ಮ? ಶಕ್ತಿ ಮೀರಿ ಓಡಿಸೋಕಾಗುತ್ತಾ? ಅವು ದುಡಿದು ದುಡಿದು ಸುಸ್ತಾಗಿವೆ."

ಮನೆಗೆ ಬಂದು ಅತ್ತೆಗೆ ಹೇಳಿದೆ. ರೇಗುತ್ತಾರೆ, ನಾನೂ ರೇಗಬಹುದು, ಇಬ್ಬರಿಗೂ ಸ್ವಲ್ಪ ಹಗುರಾಗುತ್ತದೆ ಅಂದುಕೊಂಡಿದ್ದೆ. ಅವರು ರೇಗಲೇ ಇಲ್ಲ. "ಬಿಡು ಕಣೇ. ಯಾರೂ ನೋಡದೇ ಇದ್ದ ಸಿನಿಮಾ. ಇನ್ನು ನೋಡದಿದ್ರೆ ಏನಂತೆ," ಎಂದು ಒಳಗೆ ಹೋದರು. ಆ ಹೆಂಗಸು ಯಾವುದನ್ನೂ 'ಬಿಡು' ಅಂದವರೇ ಅಲ್ಲ. ತರಕಾರಿಯವನು ತೂಕದಲ್ಲಿ ಒಂದು ಬೀನ್ಸು ಕಡಿಮೆ ಮಾಡಿದರೂ ಬೀದಿ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗುವವರು.

ಮರುದಿನ ಬೆಳಿಗ್ಗೆ ಹಲ್ಲು ಕಡಿಯುತ್ತಲೇ ಆಫೀಸಿಗೆ ಹೋದೆ. ಸೋಪಿನ ಜಾಹೀರಾತನ್ನು ಮತ್ತೆ ಓಡಿಸಿ ಅಂತ ನಿಧಾನಣ್ಣನಿಗೆ ಹೇಳಿ, ಸರ್ವರ್ ಕೋಣೆಗೆ ಹೋಗಿ ನಿಂತೆ. ದುಡಿದು ಸುಸ್ತಾಗಿವೆಯಂತೆ! ಟ್ಯಾಂಕು ಉಕ್ಕುತ್ತಿತ್ತು, ಇಲ್ಲಿ ನೋಡಿದರೆ ಡಿಸ್ಕುಗಳೆಲ್ಲ ಕೈಕಟ್ಟಿ ಕೂತಿದ್ದವು. ದೀಪ ಒಮ್ಮೆ ಮಿಣುಕುತ್ತಿತ್ತು, ಆಮೇಲೆ ಗಪ್‌ಚುಪ್. ಮತ್ತೆ ಒಮ್ಮೆ, ಮತ್ತೆ ಗಪ್‌ಚುಪ್. ಹಾಗಾದರೆ ಕಪ್ಪು ಫಿಲ್ಮಿನ ದಿನ ಇದೇ ಸೋಮಾರಿಗಳು ಅಷ್ಟು ವೇಗವಾಗಿ ಹೇಗೆ ಬರೆದವು?

ಆ ಪರೀಕ್ಷೆಯ ಫೈಲು ಇನ್ನೂ ಅಲ್ಲೇ ಇತ್ತು. ಅದರ ಅಳತೆ ಬೆಟ್ಟದಷ್ಟು. ಅದು ಡಿಸ್ಕಿನ ಮೇಲೆ ನಿಜವಾಗಿ ಎಷ್ಟು ಜಾಗ ತಿಂದಿದೆ ಅಂತ ನೋಡಿದೆ. ಸಾಸಿವೆಯಷ್ಟು! ಇನ್ನೊಮ್ಮೆ ನೋಡಿದೆ. ಅದೇ ಸಾಸಿವೆ.

ನನಗೆ ನಗು ಬಂತು. ಎಂಥ ನಗು ಅಂದರೆ ಸರ್ವರ್ ಕೋಣೆಯ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಧಾನಣ್ಣ ಬಾಗಿಲಲ್ಲಿ ಬಂದು ನಿಂತರು. ಅವರ ಮಟ್ಟಿಗೆ ಅದು ಓಡಿಬಂದ ಹಾಗೆ.

"ಏನಾಯ್ತಮ್ಮಾ? ಹುಷಾರಾಗಿದೀಯಾ?"

"ಅಣ್ಣಾ, ನಮಗೆಲ್ಲ ಬುದ್ಧಿ ಇದೆಯಾ? ಕಪ್ಪು ಫಿಲ್ಮಲ್ಲಿ ಏನಿರುತ್ತೆ? ಕಪ್ಪು. ಪಕ್ಕದ ಫ್ರೇಮಲ್ಲಿ? ಅದೇ ಕಪ್ಪು. ಟ್ಯಾಂಕಿಂದ ಹೊರಗೆ ಹೋಗೋ ಮುಂಚೆ ಚಿತ್ರಗಳನ್ನ ಹಿಂಡಿ ಚಿಕ್ಕದು ಮಾಡೋ ಒಂದು ಏರ್ಪಾಡಿದೆ. ಅದು 'ಇದೆಲ್ಲ ಕಪ್ಪು' ಅಂತ ಒಂದು ಗೆರೆ ಬರ್ಕೊಂಡು ಸುಮ್ಮನಾಗಿದೆ. ಅವತ್ತು ಸರ್ವರಿಗೆ ಹೋಗಿದ್ದೇ ಏನೂ ಇಲ್ಲ! ಏನೂ ಬರೀದೇ ಇದ್ದ ವೇಗಕ್ಕೆ ನಾವು ಸಿಹಿ ತಿಂದ್ವಿ!"

ನಿಧಾನಣ್ಣ ಯೋಚಿಸಿದರು. "ನಾನು ಎರಡು ತಿಂದೆ," ಎಂದರು.

ನಿಜವಾದ ಫಿಲ್ಮಿನ ಕಥೆ ಬೇರೆ. ಅದರಲ್ಲಿ ಕಾಳುಕಾಳಾದ ಕಣಗಳಿರುತ್ತವೆ. ಒಂದು ಫ್ರೇಮಿನ ಹಾಗೆ ಇನ್ನೊಂದು ಇರುವುದಿಲ್ಲ. ಹಿಂಡಿದರೂ ಅದು ಕುಗ್ಗುವುದಿಲ್ಲ, ಹಿಂಡುವ ಕಂಪ್ಯೂಟರು ಬೆವರುವುದಷ್ಟೇ ಲಾಭ. ನಮ್ಮ ವ್ಯವಸ್ಥೆಗೆ ಭಾರ ಹೊರುವ ಪ್ರಸಂಗವೇ ಅದುವರೆಗೂ ಬಂದಿರಲಿಲ್ಲ. ಬಂದಾಗ ಅದರ ಸೋಮಾರಿತನದ ಬುಡ ಏನೆಂದು ಹುಡುಕಲು ಕೂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ಸಿಕ್ಕಿತು.

ಮನೆ ಖಾಲಿ ಮಾಡುವವರು ಒಂದೊಂದೇ ಚಮಚ ಹಿಡಿದು ಮಹಡಿ ಹತ್ತಿದರೆ ಹೇಗಿರುತ್ತದೆ? ನಮ್ಮದು ಅದೇ ಕಸುಬು. ಒಂದು ಫ್ರೇಮನ್ನು ಪುಡಿಪುಡಿ ತುಂಡು ಮಾಡುವುದು, ಒಂದು ತುಂಡನ್ನು ಮೂರು ಸರ್ವರಿಗೆ ಕಳಿಸುವುದು, ಮೂರೂ 'ಆಯ್ತು' ಅನ್ನುವವರೆಗೆ ಸುಮ್ಮನೆ ಕಾಯುವುದು, ಆಮೇಲೆ ಮುಂದಿನ ತುಂಡು. ಹೊತ್ತೆಲ್ಲ ಹೋಗುತ್ತಿದ್ದದ್ದು ಆ 'ಆಯ್ತು'ಗೆ ಕಾಯುವುದರಲ್ಲಿ. ಒಂದು ತುಂಡಿನ ಮೂರು ಸರ್ವರುಗಳು ಕೆಲಸ ಮಾಡುವಾಗ ಉಳಿದ ಅಷ್ಟೂ ಸರ್ವರುಗಳು ಮುಖಮುಖ ನೋಡುತ್ತ ಕೂತಿರುತ್ತಿದ್ದವು.

ದೊಡ್ಡವರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಿದ ನೆನಪಿಲ್ಲ.

"ಸಾರ್, ಹೊಸ ಸರ್ವರು ಬೇಡ. ಇರೋವನ್ನ ದುಡಿಸಿದ್ರೆ ಸಾಕು."

"ಏನು ಮಾಡ್ಬೇಕು ಅಂತೀಯಾ?"

"ಹಿಂಡೋದನ್ನ ನಿಲ್ಲಿಸ್ತೀನಿ. ಪುಡಿ ತುಂಡು ಬೇಡ, ದೊಡ್ಡ ದೊಡ್ಡ ತುಂಡು ಮಾಡ್ತೀನಿ. ಒಂದಕ್ಕೆ 'ಆಯ್ತು' ಬರೋವರ್ಗೂ ಕಾಯಲ್ಲ, ಬೇರೆ ಬೇರೆ ಸರ್ವರಿಗೆ ಬೇರೆ ಬೇರೆ ತುಂಡು ಒಟ್ಟಿಗೇ ಹೊರಡಲಿ. ಎಲ್ಲಾ ಕೈಗೂ ಕೆಲಸ."

ಹಿಂದೆಯೇ ಬಂದಿದ್ದ ನಿಧಾನಣ್ಣ ಗಂಟಲು ಸರಿಮಾಡಿಕೊಂಡರು. "ಕಾಯದೇ ಕಳಿಸಿದ್ರೆ, ಒಂದು ತುಂಡು ದಾರೀಲಿ ಕಳೆದುಹೋದ್ರೆ? ಗೊತ್ತೇ ಆಗಲ್ವಲ್ಲಮ್ಮ."

ಒಳ್ಳೆಯ ಪ್ರಶ್ನೆ. ನನಗೂ ಊಟದ ಡಬ್ಬಿಯ ಮುಂದೆ ಅದೇ ಭಯ ಹುಟ್ಟಿತ್ತು, ಅನ್ನ ಇಳಿದಿರಲಿಲ್ಲ. "ಟ್ಯಾಂಕಿಂದ ಅಳಿಸಲ್ಲ ಅಣ್ಣಾ. ಮೂರೂ ಪ್ರತಿ ಸರಿಯಾಗಿ ಕೂತಿವೆ ಅಂತ ಸುದ್ದಿ ಬಂದ ಮೇಲೇ ಟ್ಯಾಂಕಲ್ಲಿರೋದನ್ನ ಅಳಿಸೋದು. ಬರದಿದ್ರೆ ಅದೊಂದನ್ನೇ ಮತ್ತೆ ಕಳಿಸೋದು. ಫಿಲ್ಮು ಮಾತ್ರ ನಿಲ್ಲೋದೇ ಬೇಡ."

ದೊಡ್ಡವರು ಗೋಡೆಯ ಮೇಲಿನ ದಪ್ಪ ಅಕ್ಷರ ನೋಡಿದರು, ನನ್ನನ್ನು ನೋಡಿದರು. ಅವರನ್ನು ಎಷ್ಟೇ ಆಡಿಕೊಂಡರೂ ಒಂದು ಮಾತು ಒಪ್ಪಬೇಕು, ಅವರು ಹಟಮಾರಿಯಲ್ಲ. ಎದ್ದು ಹೋಗಿ ಆ ಹಾಳೆಯನ್ನು ತಾವೇ ಕಿತ್ತು ಮಡಚಿ ಡ್ರಾಯರಿಗೆ ಹಾಕಿದರು. "ಸೋಪಿನವಳು ಟವೆಲ್ಲಲ್ಲಿ ಮುಖ ಒರೆಸ್ಕೊಳ್ಳಲಿ. ಆಮೇಲೆ ಮಾತಾಡೋಣ."

ಸೋಪಿನವಳು ಬಹಳ ಸಲ ಮುಖ ತೊಳೆದಳು. ಮೊದಲ ಸಲ ತುಂಡು ಅತಿ ದೊಡ್ಡದಾಗಿ ಟ್ಯಾಂಕೇ ಉಸಿರುಗಟ್ಟಿತು. ಇನ್ನೊಂದು ಸಲ ಎಲ್ಲ ತುಂಡುಗಳೂ ಒಂದೇ ಸರ್ವರಿಗೆ ಮುಗಿಬಿದ್ದವು, ಆ ಬಡಪಾಯಿ ಮಕಾಡೆ ಮಲಗಿತು. ನಾನು ಬೈದೆ, ತಿದ್ದಿದೆ, ಮತ್ತೆ ಬೈದೆ. ಕೊನೆಗೊಂದು ಮಧ್ಯಾಹ್ನ ಅವಳು ನೊರೆ ತೊಳೆದು, ಟವೆಲ್ಲು ತೆಗೆದುಕೊಂಡು, ಮುಖ ಒರೆಸಿ, ಕ್ಯಾಮೆರಾ ನೋಡಿ ನಕ್ಕಳು. ಟ್ಯಾಂಕು ಕಾಲು ಭಾಗ ದಾಟಲಿಲ್ಲ. ಒಂದು ಫ್ರೇಮೂ ಹೋಗಲಿಲ್ಲ. ಸರ್ವರ್ ಕೋಣೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ದೀಪವೂ ಒಟ್ಟಿಗೆ ಮಿಣಮಿಣ ಅನ್ನುತ್ತಿತ್ತು. ನಾನು ಕಿರುಚಿದ್ದು ಕೇಳಿ ಕಾವಲಿನವನು ಮೆಟ್ಟಿಲು ಹತ್ತಿ ಬಂದ.

ಅತ್ತೆಯ ಸಿನಿಮಾ ಓಡುವ ದಿನ ಅವರಿಗೆ ಹೇಳಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಇನ್ನೊಮ್ಮೆ ಆ 'ಬಿಡು' ಕೇಳುವ ಧೈರ್ಯ ನನಗಿರಲಿಲ್ಲ. ನಿಧಾನಣ್ಣ ಬೆಳಿಗ್ಗೆಯಿಡೀ ಫಿಲ್ಮನ್ನು ಯಂತ್ರಕ್ಕೆ ಪೋಣಿಸಿದರು. ಮಗುವಿಗೆ ಅಂಗಿ ತೊಡಿಸುವಷ್ಟು ಮೆಲ್ಲಗೆ. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಗುಂಡಿ ಒತ್ತಿದರು.

ಫಿಲ್ಮು ಹೊರಟಿತು. ಪ್ರತಿ ಜಾಯಿಂಟು ದಾಟುವಾಗಲೂ ಟಕ್ ಅಂತ ಸಣ್ಣ ಸದ್ದು. ಟಕ್. ಟಕ್. ನನ್ನ ಕಣ್ಣು ಟ್ಯಾಂಕಿನ ಮೇಲೆ, ನಿಧಾನಣ್ಣನ ಕಣ್ಣು ಫಿಲ್ಮಿನ ಮೇಲೆ. ದೊಡ್ಡವರು ಬಾಗಿಲಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದರು. ರೀಲು ಅರ್ಧ ಮುಗಿದಿತ್ತು, ಒಂದು ಸರ್ವರು ಕೈಕೊಟ್ಟಿತು. ಸುಮ್ಮನೆ, ಕಾರಣವಿಲ್ಲದೆ, ದೀಪ ಆರಿಸಿಕೊಂಡು ಮಲಗಿತು. ಹಾಳಾದ್ದು, ಇವತ್ತೇ ಸಾಯಬೇಕಿತ್ತಾ?

ಟ್ಯಾಂಕು ಏರತೊಡಗಿತು. ಕಾಲು. ಅರ್ಧ. ಅರ್ಧ ದಾಟಿತು.

"ನಿಲ್ಲಿಸ್ಲಾ?" ಎಂದರು ದೊಡ್ಡವರು.

"ಮುಟ್ಟಿದ್ರೆ ಕೈ ಕತ್ತರಿಸ್ತೀನಿ!" ಎಂದೆ. ಸಂಸ್ಥೆಯ ಮುಖ್ಯಸ್ಥರಿಗೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

ಆ ಸರ್ವರಿಗೆ ಹೊರಟಿದ್ದ ತುಂಡುಗಳು ವಾಪಸು ಬಂದು, ಬೇರೆ ಸರ್ವರುಗಳ ಕಡೆ ತಿರುಗಿದವು. ಪ್ರೋಗ್ರಾಮನ್ನು ನಾನು ಹಾಗೇ ಬರೆದಿದ್ದೆ, ಆದರೆ ಬರೆದದ್ದು ನಡೆಯುವುದನ್ನು ಕಣ್ಣಾರೆ ನೋಡುವುದು ಬೇರೆ. ಟ್ಯಾಂಕು ಮುಕ್ಕಾಲಿನ ಹತ್ತಿರ ಹೋಗಿ ತಡವರಿಸಿತು. ಅಲ್ಲೇ ನಿಂತಿತು. ಆಮೇಲೆ ಇಳಿಯಿತು. ಅರ್ಧಕ್ಕೆ ಬಂತು, ಕಾಲಿಗೆ ಬಂತು. ಫಿಲ್ಮು ತನ್ನ ಪಾಡಿಗೆ ಟಕ್ ಟಕ್ ಅನ್ನುತ್ತ ಓಡುತ್ತಲೇ ಇತ್ತು, ಏನೂ ಆಗೇ ಇಲ್ಲವೆನ್ನುವ ಹಾಗೆ.

ಆ ದಿನವೂ ಮರುದಿನವೂ ಉಳಿದ ರೀಲುಗಳು ಓಡಿದವು. ಕೊನೆಯ ರೀಲಿನ ಬಾಲ ಯಂತ್ರದಿಂದ ಹೊರಬಿದ್ದಾಗ ನಿಧಾನಣ್ಣ ಕೈಗವಸು ಬಿಚ್ಚಿ ಗಾಳಿಗೆ ಎಸೆದರು. ಎಸೆದರು! ಮಡಚಲಿಲ್ಲ! ದೊಡ್ಡವರು ನನ್ನ ಬೆನ್ನು ತಟ್ಟಿದ ರಭಸಕ್ಕೆ ಕೆಮ್ಮು ಬಂತು. ನನಗೆ ಆಕಾಶಕ್ಕೆ ಮೂರೇ ಗೇಣು.

ಮಾರನೆಯ ದಿನ ಅತ್ತೆಯನ್ನು ಕರೆತಂದೆವು. ಗಂಡ ರಜೆ ಹಾಕಿ ಬಂದಿದ್ದ. ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು, ಪರದೆಯ ಮುಂದೆ ಕೂತರು. ದೀಪ ಆರಿಸಿದೆವು. ಸಿನಿಮಾ ಶುರುವಾಯಿತು. ಒಬ್ಬ ಹುಡುಗಿ ಸೈಕಲ್ ತಳ್ಳಿಕೊಂಡು ಸೇತುವೆ ಮೇಲೆ ಬರುತ್ತಾಳೆ. ಸೈಕಲ್ಲಿನ ಚಕ್ರ, ಕೆಳಗೆ ನೀರು, ಅವಳ ಮುಖ. ಇಷ್ಟೇ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಣ್ಣಿಗೆ ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಇಷ್ಟು ವರ್ಷ ಈ ಕೈಯಲ್ಲೇ ಅನ್ನ ಬಡಿಸಿಕೊಂಡು ತಿಂದವಳು ನಾನು, ಈ ಕೈಗೆ ಇದು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕತ್ತಲೆಯಲ್ಲಿ ಗಂಡ ಮೂಗು ಒರೆಸಿಕೊಳ್ಳುತ್ತಿದ್ದ.

ನಾವೆಲ್ಲ ಅತ್ತೆ ಅಳುತ್ತಾರೆ ಅಂತ ಕಾದಿದ್ದೆವು. ದೊಡ್ಡವರು ಕರವಸ್ತ್ರ ಹಿಡಿದುಕೊಂಡೇ ಕೂತಿದ್ದರು. ಸಿನಿಮಾ ಮುಕ್ಕಾಲು ಆಯಿತು. ಅಲ್ಲಿಂದ ಮುಂದೆ ದೃಶ್ಯಗಳು ಬರೀ ಒಂದರ ಹಿಂದೆ ಒಂದು ಅಂಟಿಸಿದ ಹಾಗೆ ಬರತೊಡಗಿದವು, ಉದ್ದಕ್ಕೆ, ಒಡ್ಡೊಡ್ಡಾಗಿ.

"ನಿಲ್ಸು," ಎಂದರು ಅತ್ತೆ.

ನಾನು ಗಾಬರಿಬಿದ್ದು ನಿಲ್ಲಿಸಿ ದೀಪ ಹಾಕಿದೆ. "ಯಾಕತ್ತೆ? ಏನಾಯ್ತು? ಹೊರಗೆ ಹೋಗೋಣ್ವಾ?"

"ಇಲ್ಲಿಂದ ಮುಂದೆ ನಾನು ಮುಟ್ಟಿಲ್ಲ. ಹಾಗೇ ಸರದಿಗೆ ಜೋಡಿಸಿಟ್ಟಿದ್ದೆ ಅಷ್ಟೇ." ಎದ್ದು ನಿಂತರು. "ಈಗ ಇದನ್ನ ಕತ್ತರಿಸೋಕಾಗುತ್ತಾ?"

ಅತ್ತೆ ದೊಡ್ಡವರ ಕಡೆ ತಿರುಗಿದರು. "ನಿಮ್ಮನ್ನೇ ಕೇಳ್ತಿರೋದು. ಆಗುತ್ತಾ ಇಲ್ವಾ?"

"ಆಗುತ್ತಮ್ಮ," ಎಂದರು ದೊಡ್ಡವರು. ಅವರ ದನಿ ಅಷ್ಟು ಸಣ್ಣದಾದದ್ದು ನಾನು ಯಾವತ್ತೂ ಕೇಳಿರಲಿಲ್ಲ. "ಅಸಲು ಹಾಗೇ ಭದ್ರವಾಗಿರುತ್ತೆ. ನೀವು ಎಷ್ಟು ಸಲ ಬೇಕಾದ್ರೂ ಕತ್ತರಿಸಿ."

ಸಂಕಲನದ ಕಂಪ್ಯೂಟರಿನ ಮುಂದೆ ಅತ್ತೆಯನ್ನು ಕೂರಿಸಿದೆ. ಪಕ್ಕದಲ್ಲಿ ನಾನು, ಅವರ ಕೈಯಾಗಿ. ಅವರು ಪರದೆಯನ್ನೇ ದಿಟ್ಟಿಸಿದರು. "ಹಿಂದೆ ಹೋಗು. ಇನ್ನೂ. ಅಯ್ಯೋ, ಜಾಸ್ತಿ ಆಯ್ತು, ನಿನ್ನ ಅವಸರಕ್ಕಿಷ್ಟು! ಹಾಂ. ಅವಳು ಬಾಗಿಲ ಕಡೆ ಕಣ್ಣೆತ್ತುತ್ತಾಳಲ್ಲ, ಕಣ್ಣು ಪೂರ್ತಿ ಎತ್ತೋ ಮುಂಚೆ. ಅಲ್ಲಿ. ಕತ್ತರಿಸು."

ಕತ್ತರಿಸಿದೆ. ಓಡಿಸಿದೆ. ಒಡ್ಡಾಗಿ ಬಿದ್ದಿದ್ದ ಆ ದೃಶ್ಯ ಉಸಿರಾಡತೊಡಗಿತು. ನಮ್ಮ ಹಿಂದೆ ನಿಂತಿದ್ದ ನಿಧಾನಣ್ಣ "ಆಹಾ!" ಎಂದರು.

ಅತ್ತೆ ಕೈಚೀಲವನ್ನು ಮೇಜಿನ ಕೆಳಗಿಟ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ನಾಳೆ ಎಷ್ಟೊತ್ತಿಗೆ ಶುರು ಮಾಡೋದು?" ಎಂದು ಕೇಳಿದರು.

"ನಮ್ಮ ಆಫೀಸು ಒಂಬತ್ತಕ್ಕೆ ಅತ್ತೆ."

"ಒಂಬತ್ತಾ? ಅರ್ಧ ದಿನವೇ ಹೋಯ್ತಲ್ಲೇ! ಎಂಟಕ್ಕೆ ಬರ್ತೀನಿ. ನನಗೆ ಕೆಲಸ ಇದೆ."